ಎಮ್ಮೆಯ ಮುಂದೆ ಆಡಿದ ಮಾತು

ಮದುವೆಯಾಗಿ ಕಂಪ್ಲಿಯಿಂದ ಕಮಲಾಪುರಕ್ಕೆ ಬಂದಾಗ ನನ್ನ ಜೊತೆ ಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ಒಂದು ಗಟ್ಟಿ ಗಂಟಲು. ಹೊಳೆಗೆ ಇನ್ನೂ ಅಣೆಕಟ್ಟು ಬಂದಿರಲಿಲ್ಲ, ನಾವೆಲ್ಲ ಮದ್ರಾಸಿನವರ ಕೈಕೆಳಗಿದ್ದ ಕಾಲ. ಪೆಟ್ಟಿಗೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಗಂಟಲು ಮಾತ್ರ ಆ ಮನೆಗೆ ಹೊಂದಲಿಲ್ಲ. ನನ್ನ ತವರಿನಲ್ಲಿ ಅಪ್ಪ ಅವ್ವ ಜಗಳ ತೆಗೆದರೆ ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವವರಿಗೂ ಕೇಳುತ್ತಿತ್ತು. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಶುರುವಾದದ್ದು ಸತ್ತ ಅಜ್ಜಿಯವರೆಗೂ ಹೋಗಿ, ಉಣ್ಣುವ ಹೊತ್ತಿಗೆ ಮುಗಿದಿರುತ್ತಿತ್ತು.

ಗಂಡನ ಮನೆಯಲ್ಲಿ ಜಗಳವೇ ಇರಲಿಲ್ಲ. ಎಂಥ ತಣ್ಣನೆಯ ಮನೆ ಸಿಕ್ಕಿತು ಅಂದುಕೊಂಡೆ. ಸ್ವಲ್ಪ ದಿನ ಕಳೆದ ಮೇಲೆ ಗೊತ್ತಾಯಿತು, ಅಲ್ಲಿ ಅತ್ತೆ ಮಾವ ಒಬ್ಬರ ಜೊತೆ ಒಬ್ಬರು ಮಾತೇ ಆಡುವುದಿಲ್ಲ. ಇಬ್ಬರೂ ಎಮ್ಮೆಯ ಜೊತೆ ಮಾತಾಡುತ್ತಾರೆ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದಕ್ಕಿಂತ ಒಂದಿಷ್ಟು ಎತ್ತರದಲ್ಲಿ ಪಡಸಾಲೆ, ಅದರಾಚೆ ಅಡಿಗೆಮನೆ. ಎಮ್ಮೆಗೆ ಹೇಳಿದ ಮಾತು ಮನೆಗೆಲ್ಲ ಕೇಳುತ್ತದೆ. "ನೀರು ಕಾದಾವು, ಜಳಕಕ್ಕ ಏಳಬೇಕಂತ ಹೇಳವ್ವಾ" ಎಂದು ಅತ್ತೆ ಎಮ್ಮೆಯ ಬೆನ್ನು ತಿಕ್ಕುತ್ತಾ ಹೇಳಿದರೆ, ಪಡಸಾಲೆಯಲ್ಲಿ ಕೂತ ಮಾವ ಪಂಚೆ ಹೆಗಲಿಗೆ ಹಾಕಿಕೊಂಡು ಏಳುವರು. "ಬಾಳಿ ತ್ವಾಟಕ್ಕ ನೀರು ಬಿಡೋದೈತಿ, ಬರೋದು ತಡ ಆಗ್ತೈತಿ" ಎಂದು ಅವರೂ ಎಮ್ಮೆಗೇ ತಿಳಿಸಿ ಹೊರಡುವರು. ಎಮ್ಮೆ ಮೆಲುಕು ಹಾಕುತ್ತಿತ್ತು. ಅದಕ್ಕೆ ಬಾಳೆತೋಟದ ಚಿಂತೆ ಇದ್ದಂತೆ ಕಾಣಲಿಲ್ಲ.

ಇದು ಸಿಟ್ಟಿನ ಮೌನವಲ್ಲ. ಅತ್ತೆ ಸೊಸೆಯಾಗಿ ಬಂದಾಗ ಹಿರಿಯರ ಮುಂದೆ ಗಂಡನ ಜೊತೆ ಮಾತಾಡುವ ಪದ್ಧತಿ ಇರಲಿಲ್ಲ. ಮನೆತುಂಬ ಹಿರಿಯರು. ಪಾಪ, ಎಮ್ಮೆಗೆ ಹೇಳಿದರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಹಿರಿಯರೆಲ್ಲ ಒಬ್ಬೊಬ್ಬರಾಗಿ ಹೋದರು. ಎಮ್ಮೆಯೂ ಹೋಯಿತು, ಅದರ ಮಗಳು ಬಂತು, ಮೊಮ್ಮಗಳು ಬಂತು. ಅಭ್ಯಾಸ ಮಾತ್ರ ಹಾಗೇ ಉಳಿಯಿತು.

ನನ್ನ ಗಂಡನಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸಿರಲಿಲ್ಲ. ಕೇಳಿದರೆ, "ಮತ್ತ ಹೆಂಗ ಮಾತಾಡ್ತಾರ?" ಅಂದರು. ನನಗೆ ನಗು ಬಂತು. ಆದರೆ ಒಂದು ಬೆಳಿಗ್ಗೆ ಅವರ ಮೇಲಿನ ಸಿಟ್ಟನ್ನೆಲ್ಲ ನಾನು ಬೀಸುವ ಕಲ್ಲಿಗೆ ಹೇಳುತ್ತಾ ಜೋಳ ಬೀಸುತ್ತಿದ್ದೆ. ಕಂಪ್ಲಿಯ ಗಂಟಲು ಎಲ್ಲಿ ಹೋಯಿತೋ. ಅವತ್ತು ನಗು ಬರಲಿಲ್ಲ, ಭಯವಾಯಿತು.

ಆ ವರ್ಷ ಮಾವನಿಗೆ ಕೆಟ್ಟ ಜ್ವರ ಬಂತು. ಅತ್ತೆ ಕಷಾಯ ಕಾಯಿಸಿದರು, ಕಾಲು ಒತ್ತಿದರು, ಹಣೆಗೆ ಒದ್ದೆ ಬಟ್ಟೆ ಹಾಕಿದರು. ಅವರ ಮುಂದೆ ತುಟಿ ಬಿಚ್ಚಲಿಲ್ಲ. ಕೆಳಗೆ ಹೋಗಿ ಎಮ್ಮೆಯ ಕೊರಳಿಗೆ ಹಣೆ ಇಟ್ಟು, "ಇವರಿಗೆ ಏನರ ಆದ್ರ ನಾ ಯಾರ ಮುಖ ನೋಡಿ ಬದುಕಲವ್ವಾ" ಎಂದು ಬಿಕ್ಕಿ ಬಿಕ್ಕಿ ಅತ್ತರು. ಹಾಸಿಗೆಯಲ್ಲಿದ್ದ ಮಾವನಿಗೆ ಎಲ್ಲವೂ ಕೇಳಿಸಿತು.

ಜ್ವರ ಬಿಟ್ಟು ಎದ್ದು ಓಡಾಡುವಂತಾದ ಮೇಲೆ ಮಾವ ಎಮ್ಮೆಯನ್ನು ಮಾರುತ್ತೇನೆ ಅಂದರು. ಗಬ್ಬ ನಿಲ್ಲುತ್ತಿಲ್ಲ ಅನ್ನುವುದು ನೆಪ. ನಾನು ತೋಟಕ್ಕೆ ಬುತ್ತಿ ಒಯ್ದಾಗ ಮಗನ ಹತ್ತಿರ ನಿಜ ಹೇಳುತ್ತಿದ್ದರು: "ಜ್ವರ ಬಂದಿದ್ದು ನನಗ. ಅತ್ತಿದ್ದು ಎಮ್ಮಿ ಮುಂದ. ನಾನೇನು ಪರದೇಶಿ ಏನಲೇ?" ನನ್ನ ಗಂಡ ಬಾಳೆಗೊನೆ ನೋಡುತ್ತಾ ನಿಂತರು.

ಅತ್ತೆಗೆ ಆ ಎಮ್ಮೆ ಅಂದರೆ ಪ್ರಾಣ. ಬೇಡ ಅಂತ ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವರು ಅಂದರು, ಎಮ್ಮೆಗೆ. "ನಿನ್ನ ಕೊಟ್ಟುಬಿಡ್ತಾರಂತವ್ವಾ." ಮಾವನೂ ಎಮ್ಮೆಗೇ ಉತ್ತರ ಕೊಟ್ಟರು, "ಬ್ಯಾಡ ಅಂತ ಯಾರರ ನನಗ ಹೇಳ್ಯಾರೇನು?" ನಾನೇ ಅತ್ತೆಗೆ ಬಿಡಿಸಿ ಹೇಳಬಹುದಿತ್ತು. ಆದರೆ ಒಂದು ಸಲ ಮಧ್ಯೆ ಬಾಯಿ ಹಾಕಿದರೆ ಜೀವನವಿಡೀ ಆ ಮನೆಗೆ ನಾನೇ ಇನ್ನೊಂದು ಎಮ್ಮೆ ಆಗುತ್ತಿದ್ದೆ. ಅದಕ್ಕೆ ನಾನು ತಯಾರಿರಲಿಲ್ಲ.

ಪಾಪಿನಾಯಕನಹಳ್ಳಿಯಿಂದ ಕೊಳ್ಳುವವನು ಬಂದ ಬೆಳಿಗ್ಗೆ ಅತ್ತೆ ಎಮ್ಮೆಯ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ರೊಟ್ಟಿಗೆ ಬೆಲ್ಲ ಇಟ್ಟು ತಿನ್ನಿಸಿದರು. ಮಾವ ಪಡಸಾಲೆಯ ಅಂಚಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದರು, ಅವರ ಮುಖವೂ ನೋಡುವ ಹಾಗಿರಲಿಲ್ಲ. ಇಬ್ಬರೂ ಅಳುವ ಹಾಗಿದ್ದಾರೆ, ಇಬ್ಬರೂ ಎಮ್ಮೆಯನ್ನೇ ನೋಡುತ್ತಿದ್ದಾರೆ. ನನಗೆ ತಲೆಕೆಟ್ಟು ಹೋಯಿತು. "ನೀರು ಕುಡಿಸ್ಕೊಂಡು ಬರ್ತೀನ್ರಿ" ಅಂದವಳೇ ಗೂಟದಿಂದ ಹಗ್ಗ ಬಿಚ್ಚಿ ಎಮ್ಮೆಯನ್ನು ಹೊರಗೆ ಎಳೆದುಕೊಂಡು ಬಂದೆ. ಬರುವಾಗ ಬಾಗಿಲನ್ನೂ ಮುಂದೆ ಎಳೆದೆ.

ಕೊಳ್ಳುವವನು ಕಟ್ಟೆಯಿಂದ ಎದ್ದು ಹಗ್ಗಕ್ಕೆ ಕೈ ಚಾಚಿದ. "ಸ್ವಲ್ಪ ಕುಂದ್ರಿ" ಅಂದೆ. ಕೂತ. ಆಗ ನನ್ನ ಹಳೆಯ ಗಂಟಲು ವಾಪಸ್ ಬಂದಿತ್ತು ಅಂತ ಕಾಣುತ್ತದೆ.

ನನ್ನ ಗಂಡ ತೋಟಕ್ಕೆ ಹೋಗಿದ್ದರು, ಒಳಗೆ ಖಾಲಿ ಗೂಟ ಬಿಟ್ಟರೆ ಅವರಿಬ್ಬರೇ. ಬಾಗಿಲ ಸಂದಿಗೆ ಕಿವಿ ಇಟ್ಟಿದ್ದೆ, ಅದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ. ಕೊನೆಗೆ ಅತ್ತೆಯ ದನಿ ಬಂತು, ಆಗ ತಾನೇ ಮಾತು ಕಲಿತವರ ಹಾಗೆ.

"ನೋಡ್ರಿ. ಅದನ್ನ ಕೊಡಬ್ಯಾಡ್ರಿ. ಅದು ಹೋದ್ರ ನನ್ನ ಮನಸ್ಸಿನಾಗಿಂದು ನಿಮಗ ಹೆಂಗ ಹೇಳ್ಲಿ?"

ಮಾವ ಮೆಲ್ಲಗೆ, "ಹಿಂಗ" ಅಂದರು. "ಈಗ ಹೇಳಿದ್ಯಲ್ಲ, ಹಿಂಗ."

ಕೊಳ್ಳುವವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು. ಅವನು ಬೈದುಕೊಂಡೇ ಹೋದ, ಬೈಯಲಿ ಬಿಡಿ. ಎಮ್ಮೆ ತನ್ನ ಜಾಗಕ್ಕೆ ಬಂದು ನಿಂತಿತು.

ಮಧ್ಯಾಹ್ನ ಮಾವ ಊಟಕ್ಕೆ ಕೂತರು. ಬಡಿಸುತ್ತಿದ್ದದ್ದು ನಾನು. ಅವರು ಉಂಡು ತೇಗಿ ಕೈ ತೊಳೆಯಲು ಚೊಂಬು ಎತ್ತಿದ್ದರು. ಅಷ್ಟರಲ್ಲಿ ಒಲೆಯ ಮುಂದಿನಿಂದ ಅತ್ತೆ ತಲೆಯೆತ್ತಿ, ಅವರನ್ನೇ ನೋಡಿ, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ಅಂದರು.

ಮಾವ ಚೊಂಬು ಕೆಳಗಿಟ್ಟು, "ಹಾಕು" ಅಂದರು.