ಹೊಳವನಹಳ್ಳಿ ಛತ್ರದ ಹಿಂಬಾಗಿಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಅಗ್ನಿಸುರಕ್ಷತಾ ಎಂಜಿನಿಯರುಗಳ ಸಂಘದ ಚರಿತ್ರೆಯನ್ನು ಬರೆಯುವ ಹೊಣೆ ನನ್ನ ಪಾಲಿಗೆ ಬಂದಿತು. ಸಂಘವು ಮೊಟ್ಟಮೊದಲು ತಪಾಸಣೆ ಮಾಡಿದ್ದು ಹೊಳವನಹಳ್ಳಿಯ ಒಂದು ಮದುವೆ ಛತ್ರವನ್ನು. ಬೆಂಕಿ ಬಿದ್ದರೆ ಜನ ಹೊರಗೋಡಲೆಂದು ಊಟದ ಹಾಲಿಗೆ ಹಿಂಬಾಗಿಲು ಇಡಿಸಿದವರು ನಾವೇ. ಕಣ್ಣಾರೆ ಕಾಣದ್ದನ್ನು ನಾನು ಬರೆಯುವುದಿಲ್ಲ, ಹಾಗಾಗಿ ಅಲ್ಲಿಗೆ ಹೋದೆ. ಒಳಗೆ ಮದುವೆಯೂಟ ನಡೆದಿತ್ತು. ಹಿಂಬಾಗಿಲಿಗೆ ಬೀಗ ಹಾಕಿತ್ತು.

"ತೆಗೆಯಿರಿ" ಎಂದೆ.

"ತೆಗುದ್ರೆ ಕರೀದೇ ಇರೋರೆಲ್ಲ ಊಟಕ್ಕೆ ನುಗ್ಬುಡ್ತಾರೆ ಸಾರ್" ಎಂದ ಮ್ಯಾನೇಜರ್. "ಹೆಣ್ಣಿನ ಕಡೆಯೋರು ನನ್ನ ಸುಮ್ನೆ ಬುಡ್ತಾರಾ?"

ಅಡುಗೆಮನೆ ಇದ್ದದ್ದು ಮುಂಬಾಗಿಲ ಪಕ್ಕದಲ್ಲಿ. ಅಲ್ಲಿ ಬೆಂಕಿ ಹತ್ತಿದರೆ ಪಂಕ್ತಿಯಲ್ಲಿ ಕುಳಿತ ಮುನ್ನೂರು ಜನಕ್ಕೆ ಇದೊಂದೇ ದಾರಿ ಎಂದು ವಿವರಿಸಿದೆ. ಆತ ಬೀಗದ ಕೈ ಕೊಡಲಿಲ್ಲ.

ಎಂಜಲೆಲೆ ಎತ್ತುತ್ತಿದ್ದ ಗಂಗಮ್ಮ ಎಂಬ ವೃದ್ಧೆ ಕೈ ತೊಳೆದುಕೊಂಡು ಬಂದರು.

"ತೆಗಿ ಕಣಪ್ಪ, ನಾನಿಲ್ಲಿ ಕುಂತ್ಕತೀನಿ. ಬಂದೋರ್ನೆಲ್ಲ, ನೀನು ಯಾರ ಮಗನಪ್ಪ, ನಿಮ್ಮವ್ವ ಹೆಂಗವ್ಳೆ ಅಂತ ಕೇಳ್ತೀನಿ. ಕರೀದೇ ಬಂದೋನು ನಾಚ್ಕಂಡು ಹೊಂಟೋಯ್ತಾನೆ."

ಮ್ಯಾನೇಜರ್ ಬೀಗ ತೆಗೆದ. ಅರ್ಧ ಗಂಟೆಯಲ್ಲಿ ಇಬ್ಬರು ಬಂದು, ತಂತಮ್ಮ ತಾಯಿಯ ಆರೋಗ್ಯವನ್ನು ವರದಿ ಮಾಡಿ, ಹಿಂದಿರುಗಿದರು.

"ಇನ್ಮೇಲೆ ಎಲ್ಲಾ ಮದ್ವೇಲೂ ಅಜ್ಜೀನೇ ಕೂರುಸ್ತೀನಿ ಸಾರ್" ಎಂದ ಮ್ಯಾನೇಜರ್, ಬೀಗವನ್ನು ನನ್ನ ಕೈಗೇ ಕೊಟ್ಟು.

ವರ್ಷಗಟ್ಟಲೆ ನೋಟೀಸು ಬರೆದ ನಮಗೆ ಯಾರಿಗೂ ಈ ಉಪಾಯ ಹೊಳೆದಿರಲಿಲ್ಲ. ಚರಿತ್ರೆಯಲ್ಲಿ ಗಂಗಮ್ಮನವರಿಗೆ ಒಂದು ಪೂರ್ತಿ ಪುಟ ಮೀಸಲಿಟ್ಟಿದ್ದೇನೆ. ಆದರೆ ಅವರ ಕುರ್ಚಿ ಬಾಗಿಲಿಗೆ ಅಡ್ಡವಾಗಿತ್ತು. ಅದನ್ನು ಎರಡು ಅಡಿ ಪಕ್ಕಕ್ಕೆ ಸರಿಸಿದ ಮೇಲೆಯೇ ನಾನು ಅಲ್ಲಿಂದ ಹೊರಟದ್ದು.