ಕತ್ತಾನ ಎಂಬ ದೇವರು

ಈ ಸಂಗತಿ ನೆನಪಾದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾರಿಗಾದರೂ ಹೇಳಲೇಬೇಕು. ಮೊಮ್ಮಕ್ಕಳು ಕೇಳಿ ಕೇಳಿ ಸಾಕಾಗಿ, “ಮತ್ತ ಶುರು ಆತು” ಎಂದು ಜಾಗ ಖಾಲಿ ಮಾಡುತ್ತಾರೆ. ಮಾಡಲಿ. ಕಾಗದಕ್ಕೆ ಕಾಲಿಲ್ಲ, ಎದ್ದು ಹೋಗುವುದಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ನನಗೆ ಹತ್ತೊಂಬತ್ತು. ಯಾದಗಿರಿಯ ಮಿಶನ್ ದವಾಖಾನೆಯಲ್ಲಿ ನನ್ನ ಕೆಲಸ ಓದುವುದು. ಕಚೇರಿಯಲ್ಲೂ ಸಾಲೆಯಲ್ಲೂ ಉರ್ದುವೇ ನಡೆಯುತ್ತಿದ್ದ ಕಾಲ. ಕನ್ನಡ ಓದಬಲ್ಲ ಹೆಣ್ಣುಮಕ್ಕಳೆಂದರೆ ಮಿಶನ್ ಬೋರ್ಡಿಂಗಿನಲ್ಲಿ ಕಲಿತ ನಾವು ನಾಲ್ಕೈದು ಜನ. ದಿನಾ ಬೆಳಿಗ್ಗೆ ಹೆಂಗಸರ ವಾರ್ಡಿನಲ್ಲಿ ಕೂತು ರೋಗಿಗಳಿಗೆ ಬೈಬಲ್ ಓದಿ ಹೇಳಬೇಕು. ಓದುತ್ತಿದ್ದೆ. ನಂಬುತ್ತಿರಲಿಲ್ಲ, ಅಷ್ಟೇ.

ಶಹಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ಕಾಲರಾ ಬಂದು ಮಲಗಿದಾಗ ನನಗೆ ಹದಿನಾಲ್ಕು. ಅವಳೇ ಕಲಿಸಿದ ಪ್ರಾರ್ಥನೆಯನ್ನು ಅವಳ ತಲೆಯ ಹತ್ತಿರ ಕೂತು ಗಂಟಲು ಕಟ್ಟುವವರೆಗೆ ಹೇಳಿದೆ. ಅವ್ವ ಉಳಿಯಲಿಲ್ಲ. ಪುಸ್ತಕದಲ್ಲಿ ಮಾತ್ರ ಎಲ್ಲ ಚೆನ್ನಾಗಿತ್ತು: ಎಬ್ಬಿಸಿದನು, ವಾಸಿಮಾಡಿದನು, ಕಣ್ಣು ಕೊಟ್ಟನು. ಎಲ್ಲವೂ ಎಂದೋ ಆಗಿಹೋದದ್ದು. ನಮ್ಮ ಪಾಲಿಗೆ ಏನೂ ಮಿಕ್ಕಿರಲಿಲ್ಲ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಸಿಟ್ಟು. ಓದು ಮುಗಿದರೆ ಸಾಕೆಂದು ಗಡಗಡ ಓದಿ ಏಳುತ್ತಿದ್ದೆ.

ನಮ್ಮ ಪಾದ್ರಿಗಳು ಮೈಸೂರಿನ ಕಡೆಯವರು, ಮೆತ್ತನೆಯ ಮಾತು. ಒಂದು ದಿನ ಕರೆದು, “ನೋಡಮ್ಮ, ನಿನಗಿನ್ನೂ ದೀಕ್ಷಾಸ್ನಾನವೇ ಆಗಿಲ್ಲ. ನಂಬದವಳು ಬೇರೆಯವರಿಗೆ ಓದಿ ಹೇಳುವುದು ಸರಿಯಲ್ಲ. ಬರುವ ಭಾನುವಾರ ಸಭೆಯ ಮುಂದೆ ನಿಂತು ‘ನಂಬುತ್ತೇನೆ’ ಅಂತ ಹೇಳು. ಆಗದಿದ್ದರೆ ಬೇಡ, ಬೇರೆಯವರನ್ನು ನೋಡುತ್ತೇನೆ” ಎಂದರು. ಅವರು ಹೇಳಿದ್ದು ನ್ಯಾಯವೇ. ಆದರೆ ಆ ಕೆಲಸ ಹೋದರೆ ನನಗೆ ಹೋಗಲು ಮನೆ ಇರಲಿಲ್ಲ. ಉಳಿಸಿಕೊಳ್ಳಲು ಒಂದು ಸುಳ್ಳು ಸಾಕಿತ್ತು. ಅದನ್ನು ಅವ್ವ ನಂಬಿದ ದೇವರ ಎದುರಿಗೆ ಹೇಳಬೇಕಲ್ಲ! ಅದಕ್ಕೆ ನಾಲಿಗೆ ಏಳುತ್ತಿರಲಿಲ್ಲ.

ಆ ವಾರವೇ ಸುರಪುರದ ಕಡೆಯ ಮುದುಕಿಯೊಬ್ಬಳು ಕಣ್ಣಿನ ಪೊರೆ, ನಮ್ಮ ಕಡೆಯ ಮೋತಿಬಿಂದು, ತೆಗೆಸಿಕೊಂಡು ವಾರ್ಡಿನಲ್ಲಿ ಮಲಗಿದ್ದಳು. ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುವವಳು. ಎರಡೂ ಕಣ್ಣಿಗೆ ಪಟ್ಟಿ, ಅಲುಗಾಡದೆ ಮಲಗಬೇಕೆಂದು ಡಾಕ್ಟರಮ್ಮನ ಅಪ್ಪಣೆ. ಕಣ್ಣಿನ ಕೆಲಸವನ್ನೂ ಅವಳ ಬಾಯಿಯೇ ಮಾಡುತ್ತಿತ್ತು. ನಾನು ಎಂದಿನಂತೆ ಅವಸರದಲ್ಲಿ, ‘ಕರ್ತನು ಎದ್ದು, ಕರ್ತನು ನೋಡಿ’ ಎಂದು ರಕಾರ ನುಂಗುತ್ತ ಓದುತ್ತಿದ್ದೆ.

“ಯವ್ವಾ, ಸ್ವಲ್ಪ ನಿಂದ್ರು,” ಅಂದಳು. “ಆಗಿಂದ ಕತ್ತಾನ ಕತ್ತಾನ ಅಂತಿ, ಏನ್ ಮಾಡಾಕತ್ತಾನ ಅನ್ನೂದು ಹೇಳವಲ್ಲಿ. ಅರ್ಧಾ ಮಾತು ನೀನ ನುಂಗತಿಯೇನು?”

ವಾರ್ಡಿಗೆ ವಾರ್ಡೇ ನಕ್ಕಿತು. ಬರುತ್ತಿದ್ದಾನೆ ಎನ್ನುವುದಕ್ಕೆ ನಮ್ಮಲ್ಲಿ ‘ಬರಾಕತ್ತಾನ’ ಎನ್ನುತ್ತೇವೆ. ಮುದುಕಿ ದೇವರ ಹೆಸರನ್ನು ಆ ಮಾತಿನ ಬಾಲವೆಂದು ತಿಳಿದಿದ್ದಳು.

“ಕತ್ತಾನ ಅಲ್ಲ ಆಯಿ, ಕರ್ತ. ದೇವರ ಹೆಸರು ಅದು.”

“ಚಲೋ ಹೆಸರ ಐತಿ ಬಿಡು. ನಾ ಕೌದಿ ಹೊಲ್ಯಾಕತ್ತೀನಿ ಅಂದ್ರ, ಸೂಜಿ ಇನ್ನೂ ಕೈಯಾಗ ಐತಿ ಅಂದಂಗ. ಅಂವಾನೂ ಕೆಲಸಾ ಮುಗಿಸಿ ಕೈ ತೊಳಕೊಂಡಿಲ್ಲ ಅನ್ನು.”

ನನಗೆ ಎಲ್ಲಿತ್ತೋ ಸಿಟ್ಟು, ಪುಸ್ತಕ ಮುಚ್ಚಿ ಕೂಗಿಯೇ ಬಿಟ್ಟೆ: “ಐದು ವರ್ಷದ ಹಿಂದ ನಮ್ಮವ್ವ ಸಾಯಾಕತ್ತಿದ್ಲು ಆಯಿ! ಆಗ ಏನ್ ಮಾಡಾಕತ್ತಿದ್ದ ಅಂವಾ?”

ನಗು ನಿಂತಿತು. ಮುದುಕಿ ಪಟ್ಟಿಯ ಮುಖವನ್ನು ನನ್ನ ಕಡೆ ತಿರುಗಿಸಲು ಹೋಗಿ, ಅಪ್ಪಣೆ ನೆನಪಾಗಿ, ಕೈ ಮಾತ್ರ ಚಾಚಿದಳು.

“ಅದು ನನಗ ಗೊತ್ತಿಲ್ಲ ನನ್ನವ್ವಾ,” ಅಂದಳು. “ಆದ್ರ ಐದು ವರ್ಷ ಆದ್ರೂ ನೀ ಅಂವನ ಕೂಡ ಜಗಳಾ ಆಡಾಕತ್ತಿ. ಇಲ್ಲದಾಂವನ ಕೂಡ ಯಾರರ ಜಗಳಾ ಆಡ್ತಾರೇನು?”

ಏನು ಹೇಳಲಿ! ಪಡಸಾಲೆಗೆ ಓಡಿಬಂದು ಕಂಬ ಹಿಡಿದು ನಿಂತೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಹೌದಲ್ಲ, ದಿನಾ ಜಗಳ! ಬೆಳಿಗ್ಗೆ ಎದ್ದರೆ ಜಗಳ, ಊಟಕ್ಕೆ ಕೂತರೆ ಜಗಳ. ಅವ್ವ ಹೋದ ಮೇಲೆ ಇಷ್ಟು ಮಾತು ನಾನು ಯಾರೊಡನೆಯೂ ಆಡಿರಲಿಲ್ಲ. ಮರುದಿನದಿಂದ ಅದೇ ಪುಸ್ತಕವನ್ನು ನಿಧಾನವಾಗಿ ಓದತೊಡಗಿದೆ. ‘ಎಬ್ಬಿಸಿದನು’ ಎಂದು ಅಚ್ಚಾಗಿದ್ದಲ್ಲಿ ಬಾಯಿ ತಾನಾಗಿ ‘ಎಬ್ಬಸಾಕತ್ತಾನ’ ಅಂದುಬಿಡುತ್ತಿತ್ತು. ಹೆಂಗಸರು ಮಂಚದ ಮೇಲೆ ಎದ್ದು ಕೂತು ಕೇಳತೊಡಗಿದರು.

ಶನಿವಾರ ಮುದುಕಿಯ ಪಟ್ಟಿ ಬಿಚ್ಚಿದರು. ನಾನು ಮಂಚದ ಹತ್ತಿರ ಬಗ್ಗಿ ಕೇಳಿದೆ: “ಕಾಣತೈತೇನು ಆಯಿ?”

ಅವಳು ಕಣ್ಣು ಪಿಳಿಪಿಳಿ ಮಾಡಿದಳು. ನೀರು ಸುರಿಯಿತು. ಕೈ ಮುಂದೆ ಹಿಡಿದು ಬೆರಳಾಡಿಸಿ ನೋಡಿಕೊಂಡಳು. “ಎಲ್ಲಾ ಮಬ್ಬ ಮಬ್ಬ ಐತಿ,” ಅಂದಳು. ಆಮೇಲೆ ಮುಖ ಅರಳಿಸಿ, “ಕಾಣಾಕತ್ತೈತಿ!” ಅಂದಳು.

ಚಸ್ಮಾ ಬಂದ ಮೇಲೆ ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಕಾಣಾಕತ್ತೈತಿ, ಕಾಣಾಕತ್ತೈತಿ ಎಂದು ಬೋರ್ಡಿಂಗಿನವರೆಗೂ ಹೇಳಿಕೊಳ್ಳುತ್ತ ಹೋದೆ.

ಭಾನುವಾರ ಸಭೆ ತುಂಬಿತ್ತು. ಊರಿನ ಬಂಡಿಗೆ ಕಾಯುತ್ತಿದ್ದ ಮುದುಕಿಯೂ ತಮಾಷೆ ನೋಡಲು ಬಂದು ಬಾಗಿಲಲ್ಲಿ ಕೂತಿದ್ದಳು. ಪಾದ್ರಿಗಳು ನೀರಿನ ಬಟ್ಟಲ ಪಕ್ಕ ನಿಂತು ಪುಸ್ತಕ ನೋಡಿ ಕೇಳಿದರು: “ನೀನು ನಂಬುತ್ತೀಯೋ?”

ಕಲಿಸಿದ ಉತ್ತರ ನಾಲಿಗೆಯ ಮೇಲೇ ಇತ್ತು. ಅದು ಬರಲಿಲ್ಲ. ಬಂದದ್ದು ನನ್ನ ಅವ್ವನ ಮಾತಿನಲ್ಲಿ, ಇಡೀ ಸಭೆಗೆ ಕೇಳುವಷ್ಟು ಜೋರಾಗಿ:

“ನಂಬಾಕತ್ತೇನ್ರೀ!”

ಪಾದ್ರಿಗಳು ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಪುಸ್ತಕದಲ್ಲಿ ಆ ಉತ್ತರ ಇರಲಿಲ್ಲ. “ಹಾಗಂದರೆ? ನಂಬಿದ್ದೀಯೋ, ಇಲ್ಲವೋ?”

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ದನಿ ಬಂತು.

“ಸೂಜಿ ಕೈಯಾಗ ಹಿಡದಾಳ್ರೀ ಅಯ್ಯನವರ. ನೀರ ಹಾಕ್ರಿ!”