ಹಲಕಾ ಅಂದರೆ ಹಗುರ

ಆ ಅಂಗಡಿ ನೆನಪಾದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಪುಣೆಯ ಪೇಟೆಯಲ್ಲಿ ಗಾಜಿನ ಬಾಗಿಲಿನ, ಏಸಿ ಹಾಕಿದ ಅಂಗಡಿ. ನನ್ನ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಳ್ಳಲು ಅಪ್ಪನೂ ನಾನೂ ಅಲ್ಲಿಗೆ ಹೋಗಿದ್ದೆವು.

ಅಪ್ಪ ಯಾದಗಿರಿ ಕಡೆಯವನು, ಪುಣೆ ಹತ್ತಿರದ ತಳೇಗಾಂವದ ಒಂದು ಕಾರ್ಖಾನೆಯ ಗೋದಾಮಿನಲ್ಲಿ ಹಮಾಲಿ. ಇಪ್ಪತ್ತು ವರ್ಷ ಚೀಲ ಹೊತ್ತು ಅವನ ಎಡಭುಜ ಇಳಿದುಬಿಟ್ಟಿದೆ. ನಾನು ದಿನಾ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಕಾಲೇಜಿಗೆ ಹೋಗಿಬರಬೇಕೆಂದು ಗೊತ್ತಾದಾಗಿನಿಂದ ಅವನಿಗೆ ಒಂದೇ ಧ್ಯಾನ, ಲ್ಯಾಪ್‌ಟಾಪ್ ಹಗುರ ಇರಬೇಕು. ರ‍್ಯಾಮು, ಪ್ರೊಸೆಸರು ಅಂತ ನಾನು ಏನು ಹೇಳಿದರೂ ತಲೆಯಾಡಿಸಿ ಕೊನೆಗೆ ಅಲ್ಲಿಗೇ ಬರುತ್ತಿದ್ದ. "ನಮ್ಮ ಮನ್ಯಾಗ ಭಾರ ಹೊರೂದು ನನ್ನ ಕಾಲಕ್ಕ ಮುಗೀಲಿ," ಅಂದಿದ್ದ.

ಅಂಗಡಿಯಲ್ಲಿ ಅವನು ನಗುನಗುತ್ತಲೇ, ಮಗಳಿಗೆ ಒಂದು ಹಲಕಾ ಲ್ಯಾಪ್‌ಟಾಪ್ ತೋರಿಸಿ ಎಂದು ಮರಾಠಿಯಲ್ಲಿ ಕೇಳಿದ. ಹಲಕಾ ಅಂದರೆ ಹಗುರ. ಆದರೆ ಮರಾಠಿಯಲ್ಲಿ ಆ ಮಾತಿಗೆ ಕಳಪೆ, ಕೀಳು ದರ್ಜೆಯದು ಎಂಬ ಅರ್ಥವೂ ಇದೆ. ಕೌಂಟರಿನವನು ಅಪ್ಪನ ಅಂಗಿ ನೋಡಿದ, ಚಪ್ಪಲಿ ನೋಡಿದ, ಎರಡನೆಯ ಅರ್ಥ ಆರಿಸಿಕೊಂಡ. ಹಲಕಾ ಮಾಲು ಹಿಂದುಗಡೆ ಇದೆ ಎಂದು ಅಂಗಡಿಯ ಕೊನೆಯ ಮೂಲೆಗೆ ಕರೆದೊಯ್ದು, ರಿಪೇರಿ ಮಾಡಿಟ್ಟ ಹಳೆಯ ಡಬ್ಬಗಳನ್ನು ತೋರಿಸಿದ.

ಅಪ್ಪ ಒಂದೊಂದನ್ನೇ ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದ. ಅವನಿಗೆ ತಕ್ಕಡಿ ಬೇಕಿಲ್ಲ. ಜಡ, ಇದೂ ಜಡ, ಅಂದರೆ ಭಾರ, ಎಂದು ಕೆಳಗಿಟ್ಟು ಮತ್ತೆ ಹಲಕಾ ಕೇಳಿದ. ಕೌಂಟರಿನವನು ಇನ್ನೂ ಹಳೆಯದನ್ನು ತಂದ. ಮೂರನೆಯ ಸಲ ಕೇಳಿದಾಗ ಪಕ್ಕದವನ ಕಿವಿಯಲ್ಲಿ, ಇದಕ್ಕಿಂತ ಹಲಕಾ ಬೇಕಾದರೆ ಇವನನ್ನು ಗುಜರಿಗೆ ಕಳಿಸಬೇಕು, ಎಂದ. ಇಬ್ಬರೂ ನಕ್ಕರು. ಮಾತು ಕೇಳಿಸದ ಅಪ್ಪನೂ ಅವರ ಜೊತೆ ನಕ್ಕ.

ನನಗೆ ಮೊದಲಿನಿಂದಲೂ ಎಲ್ಲ ತಿಳಿಯುತ್ತಿತ್ತು. ನಾನು ಕಲಿತದ್ದೇ ಮರಾಠಿ ಶಾಲೆಯಲ್ಲಿ. ಬಾಯಿ ಬಿಟ್ಟಿರಲಿಲ್ಲ, ಯಾಕೆಂದರೆ ನನ್ನ ವಯಸ್ಸಿನ ಹುಡುಗಿಯರು ಅಲ್ಲೇ ನಿಂತಿದ್ದರು, ಈ ಮನುಷ್ಯನ ಮಗಳು ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಗಿತ್ತು. ಆ ನಾಚಿಕೆಗಿಷ್ಟು ಬೆಂಕಿ ಹಾಕಬೇಕು. ಅಪ್ಪ ನಕ್ಕದ್ದು ನೋಡಿ ಮಾತ್ರ ಪಿತ್ತ ನೆತ್ತಿಗೇರಿತು. ತೂಕದಲ್ಲಿ ಹಲಕಾ, ತೂಕದಲ್ಲಿ, ಎಂದು ಮರಾಠಿಯಲ್ಲೇ ಅಂಗಡಿ ಪೂರ್ತಿ ಕೇಳುವಂತೆ ಚೀರಿದೆ. ಕೌಂಟರಿನವನು ತಟ್ಟನೆ ಮ್ಯಾಡಂ ಎಂದ. ಇಷ್ಟು ಚಲೋ ಮಾತಾಡುತ್ತೀರಿ, ಮೊದಲೇ ಹೇಳಬಾರದಿತ್ತೆ ಎಂದ. ಅವನು ಹೇಳಿದ್ದು ನಿಜ. ಅದಕ್ಕೇ ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹಗುರದ್ದು ಬಂತು. ಅಲ್ಲೇ ಬಿಟ್ಟು ಹೋಗೋಣ ಎಂದು ನಾನು ಅಪ್ಪನ ತೋಳು ಜಗ್ಗಿದೆ. ಅವನು ಅದನ್ನು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿ, ಇದೇ ಇರಲಿ ಎಂದ. ಅದನ್ನೇ ಕೊಂಡೆವು.

ಸ್ಟೇಷನ್ನಿಗೆ ನಡೆಯುವಾಗ ಅಪ್ಪ ಕೇಳಿದ, "ನನ್ನ ಮರಾಠಿ ತಪ್ಪಿತೇನವಾ?"

ಅವನ ಮರಾಠಿಯಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹಾಗೆ ಹೇಳಿದರೆ ಅವರು ನಕ್ಕದ್ದು ಯಾಕೆಂದು ಹೇಳಬೇಕಾಗುತ್ತಿತ್ತು.

"ಹೌದಪಾ, ಒಂಚೂರು ತಪ್ಪಿತು," ಅಂದೆ.

ಅಂದಿನಿಂದ ಯಾವ ಅಂಗಡಿಗೆ ಹೋದರೂ ಅಪ್ಪ ಬಾಯಿ ತೆರೆಯುವುದಿಲ್ಲ. ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ ನಿಲ್ಲುತ್ತಾನೆ.